ಮಡ್ಡಿ ಹತ್ತುವ ಕಾಲಿಗೆ ಎಂಥ ಬೂಟು?

ನೀವು ತಿಕೋಟಾ ತಾಲೂಕಿನ ಘೋಣಸಗಿಯಂಥ ಊರಿನಲ್ಲಿ ವಿಜ್ಞಾನ ಶಿಕ್ಷಕರು ಎನ್ನೋಣ. ಊರಾಚೆಯ ಮಡ್ಡಿಯಲ್ಲಿ ಕಪ್ಪುಶಿಲೆಯ ಪದರಗಳನ್ನೂ ಅಲ್ಲಿ ಬೆಳೆಯುವ ಗಿಡಗಂಟಿಗಳನ್ನೂ ತೋರಿಸಲು ಮಕ್ಕಳನ್ನು ಒಂದು ದಿನ ಕರೆದೊಯ್ಯಬೇಕೆಂದು ಯೋಚಿಸಿದ್ದೀರಿ. ನೀರು, ಬುತ್ತಿ, ಮಸೂರ, ಟಿಪ್ಪಣಿ ಪುಸ್ತಕ ಎಲ್ಲವೂ ನಿಮ್ಮ ಪಟ್ಟಿಯಲ್ಲಿವೆ. ಕಾಲಿಗೆ ಏನು ಹಾಕಿಕೊಂಡು ಬರಬೇಕು ಎಂಬುದನ್ನು ಬರೆದಿದ್ದೀರಾ? ಬಹುತೇಕ ಪಟ್ಟಿಗಳಲ್ಲಿ ಅದು ಇರುವುದಿಲ್ಲ. ಮನೆಯಲ್ಲಿ ಏನಿದೆಯೋ ಅದನ್ನೇ ಮೆಟ್ಟಿಕೊಂಡು ಮಕ್ಕಳು ಬರುತ್ತಾರೆ.

ಯೂರೋಪು, ಅಮೆರಿಕಗಳ ಅಂಗಡಿಗಳಲ್ಲಿ ‘ಪರ್ವತ ಬೇಟೆಯ ಬೂಟು’ ಎಂಬ ಪ್ರತ್ಯೇಕ ವರ್ಗವೇ ಉಂಟು. ಹರಡಿನಿಂದ ಮೇಲಕ್ಕೆ ಸುಮಾರು ಒಂದು ಗೇಣು ಏರುವ, ದಪ್ಪ ಚರ್ಮದ, ಸುಲಭವಾಗಿ ಬಾಗದ ಅಟ್ಟೆಯ, ಜೋಡಿಗೆ ಎರಡು ಕಿಲೋಗ್ರಾಂ ಹತ್ತಿರ ತೂಗುವ ಬೂಟು ಅದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಆದರೆ ಬೇಟೆಗಾರನಂತೆಯೇ ದಾರಿಯಿಲ್ಲದ ಕಡೆ ದಿನವಿಡೀ ನಡೆಯುವವರು ಇದ್ದೇ ಇದ್ದಾರೆ: ಅರಣ್ಯ ರಕ್ಷಕರು, ಭೂವಿಜ್ಞಾನಿಗಳು, ಚಾರಣಿಗರು, ಎಲ್ಲರಿಗಿಂತ ಹೆಚ್ಚಾಗಿ ಕುರಿಗಾಹಿಗಳು ಮತ್ತು ರೈತರು. ಆಲ್ಪ್ಸ್ ಪರ್ವತಕ್ಕಾಗಿ ತಯಾರಾದ ಆ ಬೂಟು ವಿಜಯಪುರದ ಮಡ್ಡಿಗೂ ಒಪ್ಪೀತೆ? ಬೆಲೆ ಹೆಚ್ಚಿದ್ದಷ್ಟೂ ಬೂಟು ಒಳ್ಳೆಯದು ಎಂಬ ನಂಬಿಕೆಯನ್ನು ಸ್ವಲ್ಪ ಬದಿಗಿಟ್ಟು, ಪಾದಕ್ಕೂ ನೆಲಕ್ಕೂ ನಡುವೆ ನಡೆಯುವ ಭೌತವಿಜ್ಞಾನವನ್ನು ನೋಡೋಣ.

ಮೊದಲು ನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಮೇಲೆ ಲಾವಾ ಪದರಪದರವಾಗಿ ಹರಿದು ಗಟ್ಟಿಯಾಯಿತು. ತಿಕೋಟಾ, ಬಬಲೇಶ್ವರ ಸೀಮೆಯ ಅಡಿಯಲ್ಲಿರುವುದು ಆ ಬಸಾಲ್ಟ್ ಶಿಲೆಯೇ. ಎತ್ತರದ ಮಡ್ಡಿಯಲ್ಲಿ ಅದು ಶಿಥಿಲಗೊಂಡು ಗುಂಡುಗಲ್ಲು, ಹರಳುಗಲ್ಲು, ಗರಸು ಆಗಿ ಹರಡಿದೆ. ತಗ್ಗಿನಲ್ಲಿ ಅದರಿಂದಲೇ ಹುಟ್ಟಿದ ಎರೆಮಣ್ಣು ಆಳವಾಗಿ ಕೂತಿದೆ. ಒಂದೆರಡು ಫರ್ಲಾಂಗು ನಡೆಯುವಷ್ಟರಲ್ಲಿ ನಿಮ್ಮ ಕಾಲು ಪೂರ್ತಿ ಬೇರೆಬೇರೆಯಾದ ಎರಡು ನೆಲಗಳನ್ನು ತುಳಿಯುತ್ತದೆ. ಈ ಎರಡಕ್ಕೂ ಒಂದೇ ಅಟ್ಟೆ ಹೊಂದುವುದಿಲ್ಲ ಎಂಬುದೇ ನಮ್ಮ ತೊಡಕು.

ಹಲಗೆಯ ಮೇಲೊಂದು ಪ್ರಯೋಗ

ಸಮತಟ್ಟಾದ ನೆಲದಲ್ಲಿ ಜಾರದೆ ನಡೆಯಲು ಅಟ್ಟೆಗೂ ನೆಲಕ್ಕೂ ನಡುವೆ ಸುಮಾರು 0.2ರಷ್ಟು ಘರ್ಷಣಾಂಕ ಇದ್ದರೂ ಸಾಕು. ಇಳಿಜಾರು ಬಂದಂತೆ ಇದು ಸಾಲದು. ನಿಮ್ಮ ಬೂಟಿನ ಘರ್ಷಣಾಂಕ ಎಷ್ಟೆಂದು ತರಗತಿಯಲ್ಲೇ ಅಳೆಯಬಹುದು. ಒಂದು ಹಲಗೆಯ ಮೇಲೆ ಬೂಟನ್ನಿಟ್ಟು ಅದರೊಳಗೆ ಒಂದು ಕಿಲೋಗ್ರಾಂ ತೂಕದ ಕಲ್ಲು ಹಾಕಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋಗಿ. ಬೂಟು ಜಾರಲು ಆರಂಭಿಸಿದ ಕೂಡಲೇ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನೂ ಹಲಗೆ ನೆಲದ ಮೇಲೆ ಆವರಿಸಿದ ಉದ್ದವನ್ನೂ ಅಳೆಯಿರಿ. ಎತ್ತರವನ್ನು ಉದ್ದದಿಂದ ಭಾಗಿಸಿದರೆ ಬರುವುದೇ ಸ್ಥಿತಿ ಘರ್ಷಣಾಂಕ. ಉದ್ದ 100 ಸೆಂಮೀ, ಎತ್ತರ 70 ಸೆಂಮೀ ಬಂದರೆ ಘರ್ಷಣಾಂಕ 0.7, ಅಂದರೆ ಸುಮಾರು 35 ಡಿಗ್ರಿ ಇಳಿಜಾರಿನವರೆಗೆ ಆ ಬೂಟು ಆ ಮೇಲ್ಮೈಯಲ್ಲಿ ಜಾರದೆ ನಿಂತೀತು. 0.3 ಬಂದರೆ 17 ಡಿಗ್ರಿಗೇ ಅದರ ಕಥೆ ಮುಗಿಯಿತು. ಹಲಗೆಯ ಬದಲು ಒಂದು ಹಾಸುಗಲ್ಲನ್ನು ಬಳಸಿ, ಒಣಗಿದ್ದಾಗ ಒಮ್ಮೆ, ನೀರು ಚಿಮುಕಿಸಿ ಒಮ್ಮೆ ಅಳೆದರೆ ಇನ್ನೂ ಒಳ್ಳೆಯದು. ಹವಾಯಿ ಚಪ್ಪಲಿ, ಶಾಲೆಯ ಬೂಟು, ಚರ್ಮದ ಅಟ್ಟೆಯ ಮೆಟ್ಟು, ಓಟದ ಬೂಟು ಇವುಗಳ ಅಂಕಗಳನ್ನು ಮಕ್ಕಳೇ ಪಟ್ಟಿ ಮಾಡಲಿ. ಸವೆದ ಅಟ್ಟೆಯದನ್ನೂ ಒಂದು ಸೇರಿಸಿ.

ಪುಸ್ತಕದಲ್ಲಿ ಓದುವ ಘರ್ಷಣೆಯ ನಿಯಮಕ್ಕೆ ರಬ್ಬರ್ ಪೂರ್ತಿ ವಿಧೇಯವಲ್ಲ. ಮೆತ್ತಗಿನ ರಬ್ಬರ್ ಕಲ್ಲಿನ ಸಣ್ಣಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅಂಟಿಕೊಳ್ಳುತ್ತದೆ; ಹಾಗೆ ಅದುಮಿ ಬಿಡುವಾಗ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆದುಕೊಂಡು ಜಾರುವಿಕೆಯನ್ನು ತಡೆಯುತ್ತದೆ. ಆದ್ದರಿಂದ ಮೆತ್ತಗಿನ ಅಟ್ಟೆ ಬಂಡೆಯನ್ನು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ಅಟ್ಟೆ ಬಾಳಿಕೆ ಬರುತ್ತದೆ, ಆದರೆ ಜಾರುತ್ತದೆ. ಅಂಗಡಿಯಲ್ಲಿ ‘ಐದು ವರ್ಷ ಸವೆಯುವುದಿಲ್ಲ’ ಎಂದು ಹೊಗಳಿದರೆ ಹಿಡಿತದ ಬಗ್ಗೆ ನಿಮಗೆ ಅನುಮಾನ ಬರಬೇಕು.

ಇಪ್ಪತ್ತನೆಯ ಶತಮಾನದ ಮೊದಲರ್ಧದವರೆಗೆ ಪರ್ವತಾರೋಹಿಗಳು ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸಿಕೊಂಡು ಹತ್ತುತ್ತಿದ್ದರು. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ವಿತಾಲೆ ಬ್ರಮಾನಿ ಎಂಬಾತನ ಆರು ಮಂದಿ ಸಂಗಾತಿಗಳು ಸತ್ತರು. ಅವರ ಕಾಲಲ್ಲಿದ್ದ ಪಾದರಕ್ಷೆ ಆ ಹವೆಗೆ ತಕ್ಕುದಾಗಿರಲಿಲ್ಲ. ಆ ದುಃಖದಲ್ಲಿ ಆತ ದಪ್ಪ ಹಲ್ಲುಗಳುಳ್ಳ ರಬ್ಬರ್ ಅಟ್ಟೆಯನ್ನು ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದ. ಅವನ ಹೆಸರಿನ ತುಣುಕುಗಳಿಂದಲೇ ‘ವಿಬ್ರಮ್’ ಎಂಬ ಹೆಸರು ಬಂತು. 1954ರಲ್ಲಿ ಕೆ-2 ಶಿಖರವನ್ನು ಮೊದಲ ಬಾರಿ ಹತ್ತಿದ ಇಟಲಿಯವರ ಕಾಲಲ್ಲಿದ್ದುದು ಇದೇ ಅಟ್ಟೆ. ಇಂದು ಯಾವ ಚಾರಣದ ಬೂಟನ್ನು ತಿರುಗಿಸಿ ನೋಡಿದರೂ ಅದರ ಸಂತಾನವೇ ಕಾಣುತ್ತದೆ.

ಆದರೆ ಆ ಹಲ್ಲುಗಳು ನಮ್ಮ ಎರೆಹೊಲಕ್ಕೆ ಇಳಿದರೆ ಏನಾಗುತ್ತದೆ? ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜಗಳಿವೆ. ಅವುಗಳ ತೆಳುಹಾಳೆಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ಒಂದು ಮಳೆ ಬಿದ್ದ ಮೇಲೆ ಹತ್ತು ಹೆಜ್ಜೆ ಹಾಕಿದರೆ ಹಲ್ಲುಗಳ ಸಂದು ತುಂಬಿ ಅಟ್ಟೆ ನುಣ್ಣಗಾಗುತ್ತದೆ. ಇಪ್ಪತ್ತು ಹೆಜ್ಜೆಗೆ ಬೂಟಿನ ತುಂಬ ಮಣ್ಣಿನ ಮುದ್ದೆ. ಹಸಿ ಎರೆಯಲ್ಲಿ ರೈತರು ಮೆಟ್ಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದು ಅಜ್ಞಾನದಿಂದಲ್ಲ. ಎರೆಯಲ್ಲಿ ನಡೆಯಲೇಬೇಕಾದರೆ ಹಲ್ಲುಗಳು ಕಡಿಮೆಯಿದ್ದು ದೂರದೂರ ಇರುವ, ಸಂದಿನ ಮೂಲೆಗಳು ಇಳಿಜಾರಾಗಿರುವ ಅಟ್ಟೆ ನೋಡಿ. ಪ್ರತಿ ಹೆಜ್ಜೆಗೆ ಅಟ್ಟೆ ಬಾಗಿದಾಗ ಮಣ್ಣು ತಾನಾಗಿ ಉದುರುತ್ತದೆ. ಮಡ್ಡಿಯ ಒಣ ಗರಸಿನಲ್ಲಿ ಸಮಸ್ಯೆ ಬೇರೆ. ಅಲ್ಲಿ ಬೂಟು ಕಲ್ಲಿನ ಮೇಲೆ ಜಾರುವುದಿಲ್ಲ, ಕಲ್ಲೇ ನೆಲದ ಮೇಲೆ ಉರುಳುತ್ತದೆ, ಸೈಕಲ್ಲಿನ ಬೇರಿಂಗ್ ಗುಂಡುಗಳಂತೆ. ಎಷ್ಟು ಒಳ್ಳೆಯ ರಬ್ಬರ್ ಇದ್ದರೂ ಇದಕ್ಕೆ ಉತ್ತರವಿಲ್ಲ. ಹಲ್ಲು ಗರಸಿನೊಳಕ್ಕೆ ಇಳಿದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕು. ಇಳಿಯುವಾಗ ಹಿಮ್ಮಡಿಯ ಅಂಚು ಕಚ್ಚಿಕೊಳ್ಳಬೇಕು. ಹಿಮ್ಮಡಿಯ ಮುಂದೆ ಸ್ಪಷ್ಟವಾದ ಒಂದು ಮೆಟ್ಟಿಲು ಇರುವ ಅಟ್ಟೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಓಟದ ಬೂಟಿನಲ್ಲಿ ಅದು ಇರುವುದು ಅಪರೂಪ.

ಮುಳ್ಳು ಮತ್ತು ತೂಕ

50 ಕಿಲೋಗ್ರಾಂ ತೂಗುವ ವಿದ್ಯಾರ್ಥಿ ಒಂಟಿಕಾಲಲ್ಲಿ ನಿಂತರೆ ಅಟ್ಟೆಯ ಮೇಲೆ ಸುಮಾರು 500 ನ್ಯೂಟನ್ ಬಲ ಬೀಳುತ್ತದೆ. ಅಟ್ಟೆಯ ವಿಸ್ತೀರ್ಣ 150 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒತ್ತಡ 33 ಕಿಲೋಪಾಸ್ಕಲ್. ಅದೇ ಬಲ ಒಂದು ಚದರ ಸೆಂಟಿಮೀಟರಿನ ಹರಳುಗಲ್ಲಿನ ಮೇಲೆ ಬಿದ್ದರೆ ಒತ್ತಡ 150 ಪಟ್ಟು. ಮುಳ್ಳಿನ ತುದಿಯ ವಿಸ್ತೀರ್ಣ ಚದರ ಮಿಲಿಮೀಟರಿನ ಹತ್ತನೇ ಒಂದು ಭಾಗ ಎನ್ನಿ; ನಿಮ್ಮ ತೂಕದ ನೂರನೇ ಒಂದಂಶ ಅದರ ಮೇಲೆ ಬಿದ್ದರೂ ಸಾಕು, ಒತ್ತಡ 50 ಮೆಗಾಪಾಸ್ಕಲ್ ಮುಟ್ಟುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ಬೆಣ್ಣೆಯಂತೆ ತೂರಿ ಬರುವುದು ಇದಕ್ಕೇ. ಆ ಚಪ್ಪಲಿಯ ರಬ್ಬರಿನಲ್ಲಿ ಗಾಳಿಗುಳ್ಳೆಗಳೇ ಹೆಚ್ಚು.

ನಮ್ಮ ಹಿರಿಯರು ಕಂಡುಕೊಂಡ ಉತ್ತರ ಚರ್ಮ. ಹದ ಮಾಡಿದ ಚರ್ಮದಲ್ಲಿ ಕೊಲ್ಯಾಜೆನ್ ನಾರುಗಳು ಮೂರು ದಿಕ್ಕಿನಲ್ಲೂ ಹೆಣೆದುಕೊಂಡಿರುತ್ತವೆ; ಮುಳ್ಳು ನುಗ್ಗಿದರೂ ನಾರುಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಟ್ಯಾನಿನ್‌ನಿಂದ ಹದ ಮಾಡಿದ ಚರ್ಮದ ‘ಕೊಲ್ಹಾಪುರಿ’ ಮೆಟ್ಟು ಹೆಸರಿಗೆ ಮಾತ್ರ ಕೊಲ್ಹಾಪುರದ್ದು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಅದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರ ಹೊತ್ತಿಗೆ ಅದಕ್ಕೆ ಸಿಕ್ಕ ಭೌಗೋಳಿಕ ಗುರುತಿನ ವ್ಯಾಪ್ತಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳೂ ಇವೆ. ಮುಳ್ಳಿಗೂ ಬಿಸಿಲಿಗೂ ಅದು ಬಲು ಚೆನ್ನ. ನುಣುಪಾದ ಚರ್ಮದ ಅಟ್ಟೆ ಬಂಡೆಯ ಮೇಲೆ ಜಾರುತ್ತದೆ ಎಂಬುದಕ್ಕೆ ಹಳ್ಳಿಗಳಲ್ಲೇ ಪರಿಹಾರ ಹುಡುಕಿದ್ದಾರೆ: ಕೆಳಗೆ ಹಳೆಯ ಟೈರಿನ ತುಂಡು ಹೊಡೆಸುವುದು. ಅದರ ನಿಜವಾದ ಕೊರತೆ ಬೇರೆ, ಅದಕ್ಕೆ ಆಮೇಲೆ ಬರೋಣ.

ಮುಳ್ಳು, ಕಲ್ಲು ಎಂದು ಹೆದರಿ ಎಷ್ಟು ಸಾಧ್ಯವೋ ಅಷ್ಟು ದಪ್ಪನೆಯ ಬೂಟು ಕೊಂಡರೆ ತೂಕ ಕಾಡುತ್ತದೆ. ಹತ್ತು ಕಿಲೋಮೀಟರ್ ನಡೆಯಲು ಸುಮಾರು 14,000 ಹೆಜ್ಜೆ ಬೇಕು. ಒಂದೊಂದು ಬೂಟು ಅರ್ಧ ಕಿಲೋಗ್ರಾಂ ಹೆಚ್ಚಿದ್ದರೆ ದಿನದ ಕೊನೆಗೆ ಒಟ್ಟು ಏಳು ಟನ್ ಹೆಚ್ಚು ಎತ್ತಿಳಿಸಿದ ಲೆಕ್ಕ. ಅದೂ ಬರಿಯ ಎತ್ತುವುದಲ್ಲ. ಬೆನ್ನಿನ ಮೇಲಿನ ಹೊರೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತದೆ. ಪಾದವಾದರೋ ಪ್ರತಿ ಹೆಜ್ಜೆಗೂ ನಿಂತು, ಮತ್ತೆ ವೇಗ ಪಡೆದು, ಮತ್ತೆ ನಿಲ್ಲಬೇಕು. 1969ರಲ್ಲಿ ಸೂಲ್ ಮತ್ತು ಗೋಲ್ಡ್‌ಮನ್ ಎಂಬ ಸಂಶೋಧಕರು ಅಳೆದು ನೋಡಿದಾಗ, ಪಾದಕ್ಕೆ ಕಟ್ಟಿದ ತೂಕ ಅಷ್ಟೇ ತೂಕವನ್ನು ಮೈಮೇಲೆ ಹೊತ್ತದ್ದಕ್ಕಿಂತ ನಾಲ್ಕರಿಂದ ಆರು ಪಟ್ಟು ಶಕ್ತಿ ಬೇಡಿತು. ಪರ್ವತಾರೋಹಿಗಳಿಗೆ ಇದು ಅನುಭವದಿಂದಲೇ ಗೊತ್ತಿತ್ತು. ಕಾಲಲ್ಲಿ ಒಂದು ಸೇರು, ಬೆನ್ನಲ್ಲಿ ಐದು ಸೇರು ಎಂಬಂಥ ಮಾತು ಅವರಲ್ಲಿ ಹಳೆಯದು. 1953ರ ಎವರೆಸ್ಟ್ ತಂಡಕ್ಕೆ ಬ್ರಿಟನ್ನಿನ ಪಾದರಕ್ಷಾ ಸಂಶೋಧನಾ ಸಂಘ ಬೂಟು ತಯಾರಿಸಿದಾಗ ಚಳಿ ತಡೆಯಲು ಒಳಗೆ ತುಂಬಿದ್ದು ಬಿಳಿ ಬೂರುಗದ ಹಗುರ ಹತ್ತಿಯನ್ನು.

ಬಾಗದ ಅಟ್ಟೆಯ ವಿಷಯವೂ ಇಂಥದ್ದೇ. ಕಡಿದಾದ ಪರ್ವತದಲ್ಲಿ ಬೂಟಿನ ತುದಿಯನ್ನಷ್ಟೇ ಒಂದು ಬಂಡೆಯಂಚಿನ ಮೇಲಿಟ್ಟು ನಿಲ್ಲಬೇಕಾಗುತ್ತದೆ. ಆಗ ಗಡುಸಾದ ಅಟ್ಟೆ ಚಾಚುತೊಲೆಯಂತೆ ದೇಹದ ಭಾರ ಹೊತ್ತು ಮೀನಖಂಡಕ್ಕೆ ವಿಶ್ರಾಂತಿ ಕೊಡುತ್ತದೆ. ಬೇಟೆಯ ಬೂಟು ಗಡುಸಾಗಿರುವುದು ಇದಕ್ಕಾಗಿ. ಮಡ್ಡಿಯ ಸೌಮ್ಯ ಏರಿನಲ್ಲಿ ಅದೇ ಅಟ್ಟೆ ಶಿಕ್ಷೆ. ಪಾದ ಹೆಬ್ಬೆರಳಿನ ಬುಡದಲ್ಲಿ ಬಾಗಿ ಮುಂದೊತ್ತಬೇಕು. ಬೂಟು ಬಾಗದಿದ್ದರೆ ಹಿಮ್ಮಡಿ ಒಳಗೇ ಎದ್ದು ಉಜ್ಜಿ ಬೊಬ್ಬೆ ಏಳುತ್ತದೆ. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ: ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು. ಒದ್ದೆ ಟವೆಲ್ಲಿನಂತೆ ಹಿಂಡಲು ಬಂದರೆ ಅದು ಕಲ್ಲುನೆಲಕ್ಕೆ ಆಗದು.

ಹರಡು ಮುಚ್ಚಬೇಕೆ?

ಎತ್ತರದ ಬೂಟು ಉಳುಕು ತಪ್ಪಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 1993ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದ ಪ್ರಯೋಗದಲ್ಲಿ ಎತ್ತರದ ಬೂಟಿಗೂ ತಗ್ಗಿನ ಬೂಟಿಗೂ ಉಳುಕಿನ ವಿಷಯದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ದಪ್ಪ ಅಟ್ಟೆಯಂತೂ ಪಾದವನ್ನು ನೆಲದಿಂದ ಎತ್ತರಿಸಿ ಹೊರಳಿಸುವ ಸನ್ನೆಯ ತೋಳನ್ನು ಉದ್ದಮಾಡುತ್ತದೆ. ಉಳುಕಿನ ಹೆದರಿಕೆಗೆ ಮಾತ್ರವಾದರೆ ಮಡ್ಡಿಯಲ್ಲಿ ತಗ್ಗಿನ ಬೂಟೇ ಸಾಕು ಎನ್ನಬಹುದಿತ್ತು.

ಆದರೆ ಹಾವಿದೆ. ಘೋಣಸಗಿ ಎಂಬ ಹೆಸರು ಕೇಳಿದ ಮರಾಠಿ ಬಲ್ಲವರಿಗೆ ಥಟ್ಟನೆ ಹಾವು ನೆನಪಾದೀತು, ಏಕೆಂದರೆ ಗಡಿಯಾಚೆ ಕೊಳಕುಮಂಡಲವನ್ನು ಘೋಣಸ ಎನ್ನುತ್ತಾರೆ. ಹೊಲದ ಇಲಿಗಳನ್ನು ಅರಸಿ ಬರುವ ಕೊಳಕುಮಂಡಲ, ಒಣ ಕಲ್ಲುನೆಲವನ್ನು ಮೆಚ್ಚುವ ಪುಟ್ಟ ಗರಗಸ ಮಂಡಲ ಎರಡೂ ಬಯಲುಸೀಮೆಯ ನಿವಾಸಿಗಳು. ಎರಡೂ ಅಲುಗಾಡದೆ ಬಿದ್ದಿರುತ್ತವೆ, ತುಳಿದಾಗ ಕಚ್ಚುತ್ತವೆ. ಕಚ್ಚುವುದು ಹೆಚ್ಚಾಗಿ ಪಾದ ಅಥವಾ ಹರಡಿನ ಆಸುಪಾಸಿಗೆ. 2000ದಿಂದ 2019ರವರೆಗಿನ ಅವಧಿಗೆ ಮಾಡಿದ ಒಂದು ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ; ಅವರಲ್ಲಿ ಬಹುಪಾಲು ಹಳ್ಳಿಗಾಡಿನವರು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕೊಲ್ಹಾಪುರಿ ಮೆಟ್ಟಿನ ಕೊರತೆ ಇಲ್ಲಿದೆ. ಅಟ್ಟೆ ಎಷ್ಟೇ ಗಟ್ಟಿಯಿದ್ದರೂ ಪಾದದ ಮೇಲ್ಭಾಗ ಬರಿದು. ದೊಡ್ಡ ಕೊಳಕುಮಂಡಲದ ವಿಷದ ಹಲ್ಲು ಒಂದೂವರೆ ಸೆಂಟಿಮೀಟರ್ ಮೀರಬಹುದು. ಗರಗಸ ಮಂಡಲದ್ದು ಅದಕ್ಕಿಂತ ಬಹಳ ಗಿಡ್ಡ. ಹರಡು ಮುಚ್ಚುವ ದಪ್ಪ ಚರ್ಮದ ಬೂಟು ಅಥವಾ ಮೀನಖಂಡದವರೆಗೆ ಬರುವ ಗಮ್‌ಬೂಟು ಇವುಗಳ ಕಡಿತವನ್ನು ತಡೆಯಬಲ್ಲದು, ಕಡೇಪಕ್ಷ ಒಳಗೆ ಹೋಗುವ ವಿಷವನ್ನು ತಗ್ಗಿಸಬಲ್ಲದು. ಬಟ್ಟೆಯೂ ನೆರವಾಗುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಬೆಚ್ಚಗಿನ ಉಪ್ಪುನೀರು ತುಂಬಿದ ಕೈಗವಸುಗಳನ್ನು ಬುಡುಬುಡಿಕೆ ಹಾವುಗಳಿಂದ ಕಚ್ಚಿಸಿ ನೋಡಿದರು. ಮೇಲೆ ಜೀನ್ಸ್ ಬಟ್ಟೆ ಹೊದಿಸಿದ್ದಾಗ ಒಳಗೆ ಸೇರಿದ ವಿಷ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಆದ್ದರಿಂದ ಬೂಟಿನ ಮೇಲೆ ಸಡಿಲವಾದ ದಪ್ಪ ಪ್ಯಾಂಟು ಇಳಿಬಿಡುವುದು ಖರ್ಚಿಲ್ಲದ ರಕ್ಷಣೆ. ಕಟ್ಟುಹಾವಿಗೆ ಮಾತ್ರ ಬೂಟು ಉತ್ತರವಲ್ಲ. ಅದು ಹೆಚ್ಚಾಗಿ ಕಚ್ಚುವುದು ರಾತ್ರಿ ನೆಲದ ಮೇಲೆ ಮಲಗಿದವರನ್ನು, ಅಲ್ಲಿ ಬೇಕಾದದ್ದು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ. ಯಾವ ಹಾವೇ ಕಚ್ಚಿರಲಿ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಾಲಿಗೆ ಬೂಟಿದ್ದರೆ ಬಾವು ಏರುವ ಮೊದಲೇ ತೆಗೆದು, ಕಾಲನ್ನು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು.

ಹಾಗಾದರೆ ರೈತರೆಲ್ಲ ಗಮ್‌ಬೂಟು ಹಾಕುವುದಿಲ್ಲವೇಕೆ? ಏಪ್ರಿಲ್ ತಿಂಗಳ ಬಿಸಿಲಲ್ಲಿ ಅರ್ಧ ಗಂಟೆ ಹಾಕಿ ನೋಡಿದರೆ ಉತ್ತರ ಗೊತ್ತಾಗುತ್ತದೆ. ನಮ್ಮ ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರಿನ ಗ್ರಂಥಿಗಳಿವೆ. ಗಮ್‌ಬೂಟಿನಿಂದ ಆ ಬೆವರಿಗೆ ಹೊರದಾರಿಯಿಲ್ಲ. ತೇವವಾದ ಚರ್ಮದ ಘರ್ಷಣೆ ಹೆಚ್ಚು, ಆದ್ದರಿಂದ ಬೊಬ್ಬೆಯೂ ಹೆಚ್ಚು. ಹಾಕಿಕೊಳ್ಳಲಾಗದ ಬೂಟು ಎಷ್ಟೇ ಸುರಕ್ಷಿತವಾಗಿದ್ದರೂ ಮನೆಯ ಮೂಲೆಯಲ್ಲಿ ಕೂರುತ್ತದೆ.

ಇದಕ್ಕೆ ದುಬಾರಿ ಬೂಟಿನವರು ಹೇಳುವ ಪರಿಹಾರ ಗೋರ್-ಟೆಕ್ಸ್‌ನಂಥ ಪೊರೆ. 1969ರಲ್ಲಿ ಬಾಬ್ ಗೋರ್ ಕಂಡುಹಿಡಿದ ಹಿಗ್ಗಿಸಿದ ಟೆಫ್ಲಾನ್ ಹಾಳೆಯ ರಂಧ್ರಗಳು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕವು, ನೀರಾವಿಯ ಅಣುವಿಗಿಂತ ನೂರಾರು ಪಟ್ಟು ದೊಡ್ಡವು. ಮಳೆ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋದೀತು. ಆದರೆ ಆವಿ ಹೊರಹೋಗುವುದು ಒಳಗಿನ ಮತ್ತು ಹೊರಗಿನ ಆವಿಯೊತ್ತಡಗಳ ಅಂತರದಿಂದ ಮಾತ್ರ. ಲೆಕ್ಕ ಹಾಕೋಣ. ಬೂಟಿನೊಳಗೆ 34 ಡಿಗ್ರಿ ಸೆಲ್ಸಿಯಸ್, ಪೂರ್ಣ ತೇವ, ಆವಿಯೊತ್ತಡ 5.3 ಕಿಲೋಪಾಸ್ಕಲ್. ಆಗುಂಬೆಯ ಮಳೆಗಾಲದಲ್ಲಿ ಹೊರಗೆ 24 ಡಿಗ್ರಿ, ಗಾಳಿಯೂ ತೇವದಿಂದ ತುಂಬಿದೆ ಎಂದರೆ 3 ಕಿಲೋಪಾಸ್ಕಲ್, ಅಂತರ 2.3. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 20 ಎಂದರೆ ಹೊರಗೆ 1.5 ಕಿಲೋಪಾಸ್ಕಲ್, ಅಂತರ 3.8. ತಮಾಷೆ ನೋಡಿ: ಪೊರೆ ಚೆನ್ನಾಗಿ ಕೆಲಸ ಮಾಡುವ ನಮ್ಮೂರಲ್ಲಿ ಮಳೆಯೇ ಅಪರೂಪ, ಮಳೆ ಸುರಿಯುವ ಊರಲ್ಲಿ ಪೊರೆ ಅಷ್ಟು ಚುರುಕಲ್ಲ. ಒಣಸೀಮೆಯಲ್ಲಿ ಪೊರೆಗೆ ಹಣ ಸುರಿಯುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಹರಡು ಮುಚ್ಚುವ, ಒಳಪೊರೆಯಿಲ್ಲದ ಚರ್ಮದ ಬೂಟು, ಅದರ ಅಟ್ಟೆ ದಪ್ಪ ರಬ್ಬರಿನದು, ಜೋಡಿಯ ತೂಕ ಒಂದೂ ಕಾಲು ಕಿಲೋಗ್ರಾಂ ಮೀರದ್ದು: ಮಡ್ಡಿಗೆ ಇದು ಸಾಕು. ದಪ್ಪ ಕ್ಯಾನ್ವಾಸಿನ ಬೂಟು ಹಲ್ಲನ್ನು ಚರ್ಮದಷ್ಟು ತಡೆಯದು, ಆದರೆ ಬರಿಗಾಲಿಗಿಂತ ಎಷ್ಟೋ ಮೇಲು, ಬೆಲೆಯೂ ಕೈಗೆಟಕುತ್ತದೆ.

ಇನ್ನು ಅಳತೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬೂಟುಗಳ ಅಂಕಿ ಹೆಚ್ಚಾಗಿ ಬ್ರಿಟಿಷ್ ಪದ್ಧತಿಯದು. ಒಂದು ಅಂಕಿಗೂ ಮುಂದಿನದಕ್ಕೂ ಒಂದಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಅಂತರ. ಅದು ಉದ್ದವನ್ನಷ್ಟೇ ಹೇಳುತ್ತದೆ, ಅಗಲವನ್ನಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮಗಳಲ್ಲಿ ಅಳೆಯಿತು. ಭಾರತೀಯರ ಪಾದ ಯೂರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ತಿಳಿದುಬಂತು. ಅಗಲ ಸಾಲದೆ ನಾವು ಒಂದು ಅಂಕಿ ದೊಡ್ಡ ಬೂಟು ಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ ಪಾದ ಒಳಗೆ ಮುಂದೆ ಹಿಂದೆ ಸರಿಯುತ್ತದೆ. ಈ ಅಧ್ಯಯನದ ಆಧಾರದ ಮೇಲೆ ‘ಭಾ’ ಎಂಬ ಹೊಸ ಭಾರತೀಯ ಅಳತೆ ಪದ್ಧತಿಯ ಪ್ರಸ್ತಾವ 2024ರಲ್ಲಿ ಬಂತು. ಹುಡುಗಿಯರ ಪಾದ ಹನ್ನೊಂದರ ಸುಮಾರಿಗೆ, ಹುಡುಗರದ್ದು ಹದಿನೈದು ಹದಿನಾರರ ಸುಮಾರಿಗೆ ಬೆಳವಣಿಗೆಯ ತುದಿ ಮುಟ್ಟುತ್ತದೆ ಎಂಬುದೂ ಅದರಲ್ಲಿ ಕಂಡ ಸಂಗತಿ. ಆರನೆಯ ತರಗತಿಯ ಹುಡುಗನಿಗೆ ದುಬಾರಿ ಬೂಟು ಕೊಡಿಸುವ ಮುನ್ನ ಇದನ್ನು ನೆನೆಯಿರಿ.

ಬೂಟು ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ. ಹಾಕಿಕೊಳ್ಳಲಿರುವ ಕಾಲುಚೀಲವನ್ನೇ ತೊಟ್ಟು ನೋಡಿ. ಬರಿಯ ಹತ್ತಿಯ ಚೀಲ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಉಣ್ಣೆ ಅಥವಾ ಮಿಶ್ರನೂಲಿನದು ವಾಸಿ. ಲೇಸು ಕಟ್ಟಿ ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿಯಿರಿ. ಹತ್ತುವಾಗ ಹಿಮ್ಮಡಿ ಮೇಲೇಳಬಾರದು, ಇಳಿಯುವಾಗ ಹೆಬ್ಬೆರಳು ಮುಂದೆ ತಾಗಬಾರದು. ಅಂಗಡಿಯವರು ‘ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ’ ಎನ್ನುವುದು ಚರ್ಮದ ಅಗಲಕ್ಕೆ ಅಷ್ಟಿಷ್ಟು ನಿಜ, ಉದ್ದಕ್ಕೆ ಎಂದೂ ನಿಜವಲ್ಲ. ಹೊಸ ಬೂಟನ್ನು ಹಾಕಿಕೊಂಡು ನೇರ ಪ್ರವಾಸಕ್ಕೆ ಹೊರಡಬೇಡಿ. ಎರಡು ವಾರ ಶಾಲೆಗೆ, ಪೇಟೆಗೆ ಹಾಕಿಕೊಂಡು ಓಡಾಡಿದ ಮೇಲೆ ಮಡ್ಡಿಗೆ ಕೊಂಡೊಯ್ಯಿರಿ. ಒದ್ದೆಯಾದರೆ ಬೆಂಕಿಯ ಮುಂದೆ ಒಣಗಿಸಬೇಡಿ, ಕೊಲ್ಯಾಜೆನ್ ನಾರು ಮುದುಡಿ ಚರ್ಮ ಸೀಳುತ್ತದೆ; ಹಳೆಯ ಪತ್ರಿಕೆಯ ಕಾಗದವನ್ನು ಒಳಗೆ ತುರುಕಿ ನೆರಳಿನಲ್ಲಿಡಿ. ಬೆಳಿಗ್ಗೆ ಕಾಲು ಹಾಕುವ ಮುನ್ನ ಬೂಟನ್ನು ಬೋರಲು ಮಾಡಿ ನೆಲಕ್ಕೆ ಎರಡು ಸಲ ಕುಟ್ಟಿ. ದಖನ್ನಿನ ಕೆಂಪು ಚೇಳಿಗೂ ಕತ್ತಲೆಯ, ತೇವದ, ಬೆಚ್ಚಗಿನ ಜಾಗವೆಂದರೆ ಇಷ್ಟ.